ತೋಳಿಗೆ ಕಟ್ಟಿದ ಲಿಂಗ

ಗುರುಲಿಂಗಪ್ಪ ಸೈಕಲ್ ಮೇಲೆ ಅಮೆರಿಕ ದಾಟಲು ಹೊರಟಿದ್ದಾರೆ ಎಂಬ ಸುದ್ದಿ ಮಿಷಿಗನ್ ರಾಜ್ಯದ ಪ್ಲಿಮತ್ ಮತ್ತು ಕ್ಯಾಂಟನ್ನಿನ ಕನ್ನಡಿಗರ ನಡುವೆ ಹಬ್ಬಿದಾಗ ಅರ್ಧ ಜನ ನಂಬಲಿಲ್ಲ. ನಂಬಿದ ಅರ್ಧ ಜನ ಅವರ ಹೆಂಡತಿ ಜಯದೇವಿಗೆ ಫೋನ್ ಮಾಡಿ, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ದನಿ ತಗ್ಗಿಸಿ ವಿಚಾರಿಸಿದರು. ನಮ್ಮವರ ಪ್ರಕಾರ ಗಂಡಸು ಮನೆ ಬಿಡಲು ಎರಡೇ ಕಾರಣ. ಒಂದು ಹೆಂಡತಿಯ ಕಾಟ, ಇನ್ನೊಂದು ವೈರಾಗ್ಯ. ಐವತ್ತೆಂಟು ವಯಸ್ಸಾದ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಮನುಷ್ಯ ಬರೀ ಆಸೆಗಾಗಿ ಸೈಕಲ್ ಹತ್ತುತ್ತಾನೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಅವರು ಆಸೆಗಾಗಿಯೇ ಹತ್ತಿದ್ದು. ಬಿಜಾಪುರದಲ್ಲಿ ಹುಡುಗನಾಗಿದ್ದಾಗ ಶೇಷಗಿರಿ ಎಂಬುವನ ಅಂಗಡಿಯಿಂದ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತರುತ್ತಿದ್ದರು. ತಾಸು ಎಂದರೆ ಅರ್ಧ ತಾಸು ಹೋಗುವುದು, ಅರ್ಧ ತಾಸು ಬರುವುದು. ಸಿಂದಗಿ ರಸ್ತೆಯಲ್ಲಿ ಒಂದು ಬೇವಿನ ಮರ ಬಂತೆಂದರೆ ತಿರುಗಲೇಬೇಕು, ಇಲ್ಲದಿದ್ದರೆ ಶೇಷಗಿರಿ ಮನೆಗೆ ಬಂದು ಅಪ್ಪನ ಮುಂದೆ ನಿಲ್ಲುತ್ತಿದ್ದ. ಮರದ ಆಚೆ ರಸ್ತೆ ಒಂದು ದಿಬ್ಬ ಏರಿ ಕಾಣೆಯಾಗುತ್ತಿತ್ತು. ದೊಡ್ಡವರಾದ ಮೇಲೆ ಬಸ್ಸಿನಲ್ಲಿ ಹೋಗಿ ನೋಡಿದರೆ ದಿಬ್ಬದ ಆಚೆ ಏನೂ ಇರಲಿಲ್ಲ, ಅದೇ ರಸ್ತೆ, ಅದೇ ಎರೆಹೊಲ. ಆದರೂ ಸೈಕಲ್ ಮೇಲೆ ಹೋಗಿದ್ದರೆ ಬೇರೆ ಏನೋ ಕಾಣುತ್ತಿತ್ತು ಎಂಬ ಹಟ ಅವರ ತಲೆಯಿಂದ ಇಳಿಯಲಿಲ್ಲ. ಈ ಬೇವಿನ ಮರದ ಕತೆಯನ್ನು ಜಯದೇವಿ ಮದುವೆಯಾದ ವಾರದಿಂದ ಕೇಳುತ್ತ ಬಂದಿದ್ದರು.

ಪ್ಲಿಮತ್ತಿನಲ್ಲಿ ಅವರ ಉದ್ಯೋಗ ಕ್ಲ್ಯಾಂಪು. ಕಾರಿನ ರಬ್ಬರ್ ಕೊಳವೆ ಕಳಚದಂತೆ ಸುತ್ತ ಬಿಗಿಯುವ ಉಕ್ಕಿನ ಪಟ್ಟಿ ಇರುತ್ತದಲ್ಲ, ಅದು. ರಬ್ಬರು ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಹಳತಾದಂತೆ ಸೊರಗುತ್ತದೆ. ಕೊಳವೆ ಸೊರಗಿದರೂ ಪಟ್ಟಿ ಹಿಡಿತ ಬಿಡಬಾರದು. ಇಷ್ಟು ಸಣ್ಣ ವಿಷಯದ ಮೇಲೆ ಒಬ್ಬ ಮನುಷ್ಯ ಆಯುಷ್ಯದ ಒಳ್ಳೆಯ ಭಾಗವನ್ನೆಲ್ಲ ಕಳೆಯಬಹುದು, ಕಳೆದರು. ಎರಡು ಸಾವಿರದ ಆರನೆಯ ಇಸವಿಯ ವಸಂತದಲ್ಲಿ ಡೆಟ್ರಾಯಿಟ್ ಸುತ್ತಿನ ಕಂಪನಿಗಳು ಜನರನ್ನು ಗುಂಪುಗುಂಪಾಗಿ ಮನೆಗೆ ಕಳಿಸತೊಡಗಿದಾಗ ಅವರಿಗೂ ಒಂದು ಕೇಕು ಕತ್ತರಿಸಿ ಕೈಕುಲುಕಿದರು. ಮರುದಿನವೇ ಅವರು ಗರಾಜಿನಲ್ಲಿ ನಕ್ಷೆ ಹರಡಿಕೊಂಡು ಕೂತರು.

ಅಟ್ಲಾಂಟಿಕ್ ಸಮುದ್ರದಲ್ಲಿ ಹಿಂದಿನ ಗಾಲಿ ಅದ್ದಿ ಹೊರಡುವುದು, ಪೆಸಿಫಿಕ್ ಸಮುದ್ರದಲ್ಲಿ ಮುಂದಿನ ಗಾಲಿ ಅದ್ದಿ ನಿಲ್ಲುವುದು. ಒಬ್ಬರೇ. ಮಲಗುವುದು ಟೆಂಟಿನಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ಸೈಕಲ್ಲು ಬಂದ ದಾರಿಯಲ್ಲಿ ಒಂದು ಮಾರೂ ಹಿಂದಕ್ಕೆ ಹೋಗಬಾರದು. ಇದು ಅವರೇ ಹಾಕಿಕೊಂಡ ಕಟ್ಟಳೆ.

ಉಳಿದದ್ದು ಲಿಂಗದ ಪ್ರಶ್ನೆ. ಗಂಡ ಹೆಂಡತಿ ಇಬ್ಬರ ಕೊರಳಲ್ಲೂ ಲಿಂಗವಿತ್ತು. ಬೆಳಗ್ಗೆ ಸ್ನಾನ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಆಮೇಲೆಯೇ ಬಾಯಿಗೆ ತುತ್ತು. ಲಿಂಗ ಮೈಮೇಲಿಲ್ಲದೆ ಯಾವ ಹೊತ್ತಿನ ಊಟವೂ ಇಲ್ಲ. ಗುರುಲಿಂಗಪ್ಪ ದೊಡ್ಡ ಭಕ್ತರೇನೂ ಅಲ್ಲ. ಕೆಲಸದ ದಿನಗಳಲ್ಲಿ ಅವರ ಪೂಜೆ ಟೋಸ್ಟರ್ ಬ್ರೆಡ್ಡನ್ನು ಎಗರಿಸುವಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ಅದಿಲ್ಲದೆ ಒಂದು ದಿನವೂ ಉಂಡವರಲ್ಲ. ಚಿಕ್ಕಂದಿನಲ್ಲಿ ಅವರ ಅಜ್ಜಿ ಮಲ್ಲಮ್ಮ ಬಾವಿಯಲ್ಲಿ ನೀರು ಸೇದುವಾಗ ದಾರ ಹರಿದು ಲಿಂಗ ಕಳೆದುಕೊಂಡಿದ್ದಳು. ಮಠದ ಸ್ವಾಮಿಗಳು ಬಂದು ಬೇರೆ ಲಿಂಗ ಕಟ್ಟುವ ತನಕ ಕಟ್ಟೆಯ ಮೇಲೆ ಬಾಯಿ ಮುಚ್ಚಿ ಕೂತಿದ್ದಳು. ಲಿಂಗ ಕಳೆದವರು ಉಣ್ಣುವುದಿಲ್ಲ ಎಂಬುದು ಆ ಹುಡುಗನಿಗೆ ಯಾರೂ ಹೇಳಿಕೊಡದೆ ತಿಳಿದುಹೋಯಿತು.

ಈಗ ಸೈಕಲ್ ಮೇಲೆ ಬಗ್ಗಿ ಕೂತರೆ ಲಿಂಗವಿಟ್ಟ ಕೊರಳಿನ ಬೆಳ್ಳಿ ಕರಡಿಗೆ ಜೋತಾಡಿ ಹ್ಯಾಂಡಲಿಗೆ ಬಡಿಯುತ್ತಿತ್ತು. ಜರ್ಸಿಯ ಬೆನ್ನಿನ ಕಿಸೆಗೆ ಗಟ್ಟಿ ಜಿಪ್ ಇತ್ತು, ಆದರೆ ಅದು ಸೊಂಟಕ್ಕಿಂತ ಕೆಳಗೆ ಬರುತ್ತಿತ್ತು. ಲಿಂಗ ಹೊಕ್ಕುಳಿಗಿಂತ ಕೆಳಗೆ ಇಳಿಯಬಾರದು.

"ಹಂಗಾದ್ರ ಹೆಲ್ಮೆಟ್ಟಿನ ಒಳಗ ಕಟ್ಟಿಕೋರಿ. ತಲಿ ಮ್ಯಾಲ ಧರಿಸೂದು ಶಾಸ್ತ್ರದಾಗೂ ಐತಿ," ಎಂದರು ಜಯದೇವಿ. ಚೇಷ್ಟೆಗೆ ಅಂದರೋ ನಿಜಕ್ಕೂ ಅಂದರೋ ಗೊತ್ತಾಗಲಿಲ್ಲ.

"ಬಿದ್ದೆ ಅಂದ್ರ ತಲಿ ಉಳೀಬೇಕೋ ಲಿಂಗ ಉಳೀಬೇಕೋ?" ಎಂದರು ಗುರುಲಿಂಗಪ್ಪ.

ಕೊನೆಗೆ ತೋಳು ಎಂದಾಯಿತು. ಹಿಂದಿನವರು ತೋಳಿಗೂ ಕಟ್ಟುತ್ತಿದ್ದರು. ಕರಡಿಗೆಯನ್ನು ಮನೆಯಲ್ಲಿಟ್ಟು, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಎಡ ರಟ್ಟೆಗೆ ಬಿಗಿಯಾಗಿ ಕಟ್ಟಿಕೊಂಡರು. ಗಂಟು ಹಾಕಿದ್ದು ಅವರೇ. ಕೈ ಬೀಸಿ, ಕುಣಿದು, ಗರಾಜಿನಲ್ಲಿ ಮೂರು ಸುತ್ತು ಓಡಿ ಪರೀಕ್ಷೆ ಮಾಡಿದರು. ಅಲುಗಲಿಲ್ಲ.

ಮೇ ತಿಂಗಳಲ್ಲಿ ಮೇನ್ ರಾಜ್ಯದ ಸಮುದ್ರದಂಡೆಯಿಂದ ಹೊರಟರು. ಮೊದಲ ವಾರ ಮೊಣಕಾಲು ಅಳಿಸಿದವು, ಎರಡನೆಯ ವಾರ ಮಳೆ ಅಳಿಸಿತು. ನ್ಯೂಯಾರ್ಕ್ ರಾಜ್ಯದ ಕಾಲುವೆ ಪಕ್ಕದ ದಾರಿಯಲ್ಲಿ ಕೆಸರು ಗಾಲಿಗೆ ಮೆತ್ತಿ, ಸೈಕಲ್ ಮೇಲೆ ಅವರು ಹೋಗುವ ಬದಲು ಅವರ ಮೇಲೆ ಸೈಕಲ್ಲು ಹೋಯಿತು. ಕ್ಯಾಂಪ್‌ಗ್ರೌಂಡಿನ ಮರದ ಮೇಜಿನ ಮೇಲೆ ವಿಭೂತಿ ಇಟ್ಟುಕೊಂಡು, ಅಲ್ಲೇ ಕಿತ್ತ ಹೂವೊಂದನ್ನು ಲಿಂಗಕ್ಕೆ ಏರಿಸಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದು ಮತ್ತೆ ಹತ್ತುತ್ತಿದ್ದರು. ಕಷ್ಟವೇ. ಆದರೆ ಪ್ರತಿ ದಿಬ್ಬದ ಮೇಲೂ, ತಿರುಗಬೇಕಾಗಿಲ್ಲವಲ್ಲ ಎಂದು ನೆನೆದು ಅವರಿಗೆ ಒಳಗೊಳಗೇ ನಗು ಬರುತ್ತಿತ್ತು.

ಜೂನ್ ನಡುವಿಗೆ ದಾರಿ ಪ್ಲಿಮತ್ತಿಗೇ ಬಂತು. ಸ್ವಂತ ಮನೆ. ಒಳಗೆ ಮೆತ್ತನೆಯ ಹಾಸಿಗೆ. ಗುರುಲಿಂಗಪ್ಪ ಹಿತ್ತಲಿಗೆ ಹೋಗಿ ಟೆಂಟ್ ಹೊಡೆದರು.

"ಅಪ್ಪಾ, ಯು ಲಿವ್ ಹಿಯರ್!" ಎಂದಳು ಆನ್ ಆರ್ಬರಿನಿಂದ ಅಪ್ಪನನ್ನು ನೋಡಲೆಂದೇ ಬಂದಿದ್ದ ಮಗಳು ಸ್ಮಿತಾ.

"ಹಾಸಿಗಿ ಮ್ಯಾಲ ಒಮ್ಮೆ ಬಿದ್ದೆ ಅಂದ್ರ ಮತ್ತ ಏಳಂಗಿಲ್ಲವ್ವಾ," ಎಂದರು ಅವರು. ಸಬ್‌ಡಿವಿಷನ್ನಿನ ಮನೆಮಾಲೀಕರ ಸಂಘದ ಹೆಂಗಸೊಬ್ಬಳು ಬಂದು, ಹಿತ್ತಲಲ್ಲಿ ಟೆಂಟ್ ಹಾಕುವಂತಿಲ್ಲ ಎಂಬ ನಿಯಮ ತಿಳಿಸಿ ಹೋದಳು. ಬೆಳಗಾದರೆ ಹೋಗುತ್ತಾರೆ ಎಂದು ಜಯದೇವಿ ಗಂಡನ ಪರವಾಗಿ ಕ್ಷಮೆ ಕೇಳಿದರು.

ಬೆಳಗ್ಗೆ ಪೂಜೆ ಮುಗಿಸಿ ಅವರು ಲಿಂಗ ಕಟ್ಟಿಕೊಳ್ಳುವಾಗ ಜಯದೇವಿ ತೋಳು ಹಿಡಿದು ನೋಡಿದರು. "ಏನ್ರೀ ಇದು, ತೋಳು ಇಷ್ಟ ಸೊರಗ್ಯಾವು! ನೋಡ್ರಿ, ವಸ್ತ್ರದೊಳಗ ನನ್ನ ಎರಡ ಬೆರಳು ಹೋಗ್ತಾವು. ಬಿಚ್ಚಿ ಬಿಗಿಯಾಗಿ ಕಟ್ಟಿಕೋರಿ."

"ಜಿಂದಗಿ ಎಲ್ಲಾ ಕ್ಲ್ಯಾಂಪ್ ಮಾಡೇನಿ. ನನಗ ಗಂಟು ಹಾಕೂದು ಕಲಿಸ್ತಿ ಏನು?" ಎಂದರು ಗುರುಲಿಂಗಪ್ಪ. ತೂಕ ಇಳಿದದ್ದಕ್ಕೆ ಅವರಿಗೆ ಹೆಮ್ಮೆ. ಕನ್ನಡಿಯಲ್ಲಿ ಕೆನ್ನೆ ನೋಡಿಕೊಂಡು ಸೈಕಲ್ ಹತ್ತಿದರು.

ಮಿಷಿಗನ್ ದಾಟಿ, ಇಂಡಿಯಾನಾದ ಮರಳ ದಿಬ್ಬಗಳ ಪಕ್ಕದಲ್ಲಿ ಹಾದು, ಷಿಕಾಗೊ ಸೇರಿದರು. ಅಲ್ಲಿ ಡೆವನ್ ಅವೆನ್ಯೂದಲ್ಲಿ ಸೂಟ್‌ಕೇಸು ಮಾರುವ ಅನೀಸ್ ಇದ್ದರು. ಅನೀಸರೂ ಬಿಜಾಪುರದವರೇ. ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಒಮ್ಮೆ ಸಿಕ್ಕ ಗುರುಲಿಂಗಪ್ಪನವರನ್ನು, ಒಂದೇ ಊರಿನವರೆಂಬ ಹಕ್ಕಿನಿಂದ, ಊಟಕ್ಕೆ ಕರೆಯದೆ ಬಿಡುವ ಪೈಕಿ ಅವರಲ್ಲ. ಅವರ ಹೆಂಡತಿ ನೂರ್‌ಜಹಾನ್ ಹೊಸ ಹಂಚು, ಹೊಸ ಪಾತ್ರೆ ತಂದು ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದರು. ನಗರದಲ್ಲಿ ಟೆಂಟಿಗೆ ಜಾಗವಿಲ್ಲ. ಗುರುಲಿಂಗಪ್ಪ ಹಟ ಬಿಡದೆ, ಅವರ ಮನೆಯ ಹಿಂದಿನ ಮರದ ಪೋರ್ಚಿನ ಮೇಲೆ ಅದನ್ನು ಬಿಡಿಸಿ ಒಳಗೆ ಮಲಗಿದರು. ಅನೀಸ್ ನಕ್ಕು ನಕ್ಕು ಸುಸ್ತಾದರು.

ಬೆಳಗ್ಗೆ ಅವರು ಪೂಜೆಗೆ ಕೂತಾಗ ನೂರ್‌ಜಹಾನ್ ಟಿವಿ ಆರಿಸಿ, ಮಕ್ಕಳನ್ನು ಒಳಗೆ ಕಳಿಸಿ, ಬಾಗಿಲು ಮುಂದೆ ಮಾಡಿದರು. ಪೂಜೆ, ಊಟ ಮುಗಿಸಿ, ತೋಳಿಗೆ ಲಿಂಗ ಕಟ್ಟಿ, ಸರೋವರದ ಗಾಳಿ ತಣ್ಣಗಿದ್ದುದರಿಂದ ಮೇಲೆ ಜಾಕೆಟ್ ಹಾಕಿಕೊಂಡು ಗುರುಲಿಂಗಪ್ಪ ಪಶ್ಚಿಮಕ್ಕೆ ಹೊರಟರು. ಮಧ್ಯಾಹ್ನಕ್ಕೆ ಸೇಂಟ್ ಚಾರ್ಲ್ಸ್ ಎಂಬ ಊರಿನಲ್ಲಿ ಫಾಕ್ಸ್ ನದಿಯ ಸೇತುವೆ ಬಂತು. ಬಿಸಿಲು ತೊಂಬತ್ತು ಡಿಗ್ರಿ ದಾಟಿತ್ತು. ಸೇತುವೆಯ ಮೇಲೆ ನಿಂತು ಜಾಕೆಟ್ಟನ್ನು ಎಳೆದು ತೆಗೆದು, ಕೊಡವಿ, ಸುತ್ತಿ ಚೀಲಕ್ಕೆ ತುರುಕಿ, ನೀರು ಕುಡಿದು, ಹಳೆಯ ರೈಲು ಹಳಿ ಕಿತ್ತು ಮಾಡಿದ ಸೈಕಲ್ ದಾರಿಯಲ್ಲಿ ಜೋಳದ ಹೊಲಗಳ ನಡುವೆ ತುಳಿಯುತ್ತ ಹೋದರು. ಸಂಜೆಗೆ ಸಿಕಮೋರ್ ಎಂಬ ಊರಿನ ಹತ್ತಿರ ಒಂದು ಸಣ್ಣ ಕ್ಯಾಂಪ್‌ಗ್ರೌಂಡ್ ಸಿಕ್ಕಿತು.

ಸ್ನಾನದ ಮನೆಯಲ್ಲಿ ಜರ್ಸಿ ಬಿಚ್ಚಿ, ಅಭ್ಯಾಸದಂತೆ ಬಲಗೈ ಎಡತೋಳಿಗೆ ಹೋಯಿತು. ಬರೀ ಚರ್ಮ ಸಿಕ್ಕಿತು.

ಮೊದಲು ನಗು ಬಂತು. ಎಲ್ಲೋ ಇದೆ ಎಂದುಕೊಂಡರು. ಜರ್ಸಿ ಕೊಡವಿದರು. ಜಾಕೆಟ್ಟಿನ ತೋಳೊಳಗೆ ಕೈ ಹಾಕಿ ತಿರುವಿ ನೋಡಿದರು. ಚೀಲಗಳನ್ನೆಲ್ಲ ಹುಲ್ಲಿನ ಮೇಲೆ ಸುರಿದರು, ಟೆಂಟ್ ಬಿಡಿಸಿ ಒದರಿದರು, ಕಾಲುಚೀಲವನ್ನೂ ಬಿಡಲಿಲ್ಲ. ಆಮೇಲೆ ಮೊಣಕಾಲೂರಿ ಕೂತು ತಮ್ಮ ಎಡತೋಳನ್ನು ನೋಡಿದರು. ವಸ್ತ್ರ ಇದ್ದ ಜಾಗದಲ್ಲಿ ಬಿಸಿಲು ತಾಗದ ಬಿಳಿ ಪಟ್ಟಿ. ಅದರ ಕೆಳಗೆ ತೋಳು ಕೋಲಿನಂತೆ ಸಣ್ಣಗಿತ್ತು. ಕೊಳವೆ ಸೊರಗಿತ್ತು, ಹಿಡಿತ ಬಿಟ್ಟಿತ್ತು. ಇದನ್ನು ತಡೆಯುವುದೊಂದೇ ಅವರು ಕಲಿತ ವಿದ್ಯೆ. ಮಂದಿಯ ಲಕ್ಷಾಂತರ ಕಾರುಗಳಲ್ಲಿ ತಡೆದಿದ್ದರು.

ಜಯದೇವಿಗೆ ಫೋನ್ ಮಾಡಿದರು. ಎಲ್ಲ ಕೇಳಿದ ಮೇಲೆ ಆಕೆ ಕೇಳಿದ್ದು ಒಂದೇ. "ಮಾತ್ರಿ ತೊಗೊಂಡೀರೇನು?"

"ಇನ್ನೂ ಇಲ್ಲ."

"ಉಣ್ಣಂಗಿಲ್ಲ ಅಂದ್ರ ತೊಗೋಬ್ಯಾಡ್ರಿ. ಸಕ್ಕರಿ ಒಮ್ಮೆಲೆ ಇಳೀತೈತಿ, ಬಿದ್ದುಬಿಡ್ತೀರಿ." ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಗಸು, ಆಕೆಗೆ ಗೊತ್ತು. ನಾ ಹೇಳಿದ್ದೆ ಎಂದು ಮಾತ್ರ ಜಯದೇವಿ ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ಗುರುಲಿಂಗಪ್ಪನವರಿಗೆ ಅನಿಸಿತು.

ಮರುದಿನ ಬೆಳಗಿನಿಂದ ಫೋನು ಬಡಿದುಕೊಳ್ಳತೊಡಗಿತು. ಒಬ್ಬರಿಗೆ ಹೇಳಿದರೆ ಊರಿಗೇ ಡಂಗುರ ಹೊಡೆದಂತೆ, ಅದರಲ್ಲಿ ನಮ್ಮವರು ಬಿಜಾಪುರದಲ್ಲಿದ್ದರೂ ಒಂದೇ, ಮಿಷಿಗನ್ನಿನಲ್ಲಿದ್ದರೂ ಒಂದೇ. ಆಬರ್ನ್ ಹಿಲ್ಸಿನಲ್ಲಿ ಕಾರು ಕಂಪನಿಯ ಕೆಲಸದಲ್ಲಿದ್ದ ಮೈಸೂರಿನ ಶಂಕರ್ ಮಾಡಿದ. "ಅಂಕಲ್, ವಿಚಾರಿಸ್ದೆ. ಲಿಂಗ ಕೊಡೋ ಸ್ವಾಮೀಜಿ ಆಗಸ್ಟ್‌ನಲ್ಲಿ ಡೆಟ್ರಾಯಿಟ್‌ಗೆ ಬರ್ತಾರಂತೆ. ಈಗ್ಲೇ ನಿಮ್ ಹೆಸ್ರು ಬುಕ್ ಮಾಡ್ಲಾ?" ಆಗ ಜೂನ್ ತಿಂಗಳ ಕೊನೆ. ಕ್ಯಾಂಟನ್ನಿನ ಹಿರಿಯರಾದ ಅನುಸೂಯಮ್ಮ ಮಾಡಿದರು. "ತಮ್ಮಾ, ಹಾಲು ಹಣ್ಣು ನಡೀತೈತಿ. ಅದು ಊಟ ಅಲ್ಲ." ಸ್ಮಿತಾ ಮಾಡಿದಳು. ಅವಳ ದನಿಯಲ್ಲಿ ಅಳುವಿತ್ತು. "ಅಪ್ಪಾ, ಪ್ಲೀಸ್, ಜಸ್ಟ್ ಈಟ್ ಎ ಬನಾನಾ."

ಗುರುಲಿಂಗಪ್ಪ ಕ್ಯಾಂಪ್‌ಗ್ರೌಂಡಿನ ಅಂಗಡಿಯಲ್ಲಿ ಬಾಳೆಹಣ್ಣು ಕೊಂಡರು. ಸುಲಿದರು. ಬಾಯಿಯ ತನಕ ತಂದರು. ಬಾಯಿ ತೆರೆಯಲಿಲ್ಲ. ಇದು ಭಕ್ತಿಯೂ ಅಲ್ಲ, ಭಯವೂ ಅಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ದೇವರು ಸಿಟ್ಟಾಗುತ್ತಾನೆ ಎಂದೇನೂ ಅವರು ನಂಬಿರಲಿಲ್ಲ. ಆದರೆ ಹಲ್ಲು ಒಂದಕ್ಕೊಂದು ಕಚ್ಚಿಕೊಂಡಿದ್ದವು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎಂಜಿನಿಯರು ಮನುಷ್ಯ, ತನ್ನ ದವಡೆ ತನ್ನ ಮಾತು ಕೇಳದಿರುವುದನ್ನು ಕಂಡು ಅವರು ಕಂಗಾಲಾದರು. ಕ್ಯಾಂಪ್‌ಗ್ರೌಂಡಿನ ಯಜಮಾನಿ ಪಾಪ, ತಟ್ಟೆಯಲ್ಲಿ ಏನೋ ಬಿಸಿಬಿಸಿ ತಂದಿಟ್ಟು, ಅವರು ಬೇಡವೆಂದಾಗ ಮುಖ ಸಣ್ಣದು ಮಾಡಿಕೊಂಡು ಹೋದಳು. ಅವಳಿಗೆ ಇದನ್ನು ಯಾವ ಭಾಷೆಯಲ್ಲಿ ಹೇಳುವುದು?

ಹುಡುಕಲೇಬೇಕಿತ್ತು. ಹುಡುಕಬೇಕೆಂದರೆ ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಬೇಕು. ಆ ಖಾಲಿ ಹೊಟ್ಟೆಯಲ್ಲೂ ಗುರುಲಿಂಗಪ್ಪ ಒಂದು ವಕೀಲರ ಯುಕ್ತಿ ಮಾಡಿದರು. ಸೈಕಲ್ಲನ್ನು ಟೆಂಟಿನ ಪಕ್ಕ ಪಶ್ಚಿಮಕ್ಕೆ ಮೂತಿ ಮಾಡಿ ನಿಲ್ಲಿಸಿ, ತಾವು ನಡೆದುಕೊಂಡು ಹೋದರು. ಹಿಂದಕ್ಕೆ ಹೋಗಬಾರದಾದದ್ದು ಸೈಕಲ್ಲು, ಕಾಲಲ್ಲವಲ್ಲ. ದಾರಿಯ ಎರಡೂ ಅಂಚಿನ ಹುಲ್ಲನ್ನು ಕೋಲಿನಿಂದ ಸರಿಸುತ್ತ, ಬಿಳಿ ಕಾಗದ, ಬಿಳಿ ಕಾಫಿ ಲೋಟ, ಬಿಳಿ ಹೂವು ಕಂಡಲ್ಲೆಲ್ಲ ಬಗ್ಗಿ, ಎದ್ದು, ಕಣ್ಣು ಕತ್ತಲಿಟ್ಟಾಗ ಕೂತು, ಮತ್ತೆ ನಡೆದರು. ಸೈಕಲ್ ಮೇಲೆ ಒಂದು ಹಾಡು ಹಾಡುವಷ್ಟರಲ್ಲಿ ಮುಗಿದಿದ್ದ ದಾರಿ ಈಗ ಮುಗಿಯಲೊಲ್ಲದು. ಯುವಕರು ಸೈಕಲ್ ಮೇಲೆ ಪಕ್ಕದಲ್ಲೇ ಹಾರಿಹೋಗುತ್ತ, ಗುಡ್ ಮಾರ್ನಿಂಗ್ ಎನ್ನುತ್ತಿದ್ದರು.

ಮಧ್ಯಾಹ್ನದ ಬಿಸಿಲಿನಲ್ಲಿ ಎದುರಿನಿಂದ ಒಬ್ಬ ಮನುಷ್ಯ ಇವರಂತೆಯೇ ಬಗ್ಗಿ ಬಗ್ಗಿ ಬರುವುದು ಕಂಡಿತು. ಅನೀಸ್. ಜಯದೇವಿ ಫೋನ್ ಮಾಡಿದ್ದರು. ಅಂಗಡಿ ಮುಚ್ಚಿ, ಮನೆಯೆಲ್ಲ ಜಾಲಾಡಿ, ಬಚ್ಚಲಿನ ಕೊಳವೆ ಬಿಚ್ಚಿಸಿ, ಕಸ ಎಳೆಯುವ ಯಂತ್ರದ ಚೀಲವನ್ನು ನೂರ್‌ಜಹಾನ್ ಕೈಯಿಂದಲೇ ಸೋಸಿ, ಅಲ್ಲಿ ಸಿಗದೆ, ಅವರು ಸೇತುವೆಯಿಂದ ಹುಡುಕುತ್ತ ಬಂದಿದ್ದರು. ಇಬ್ಬರೂ ದಾರಿಯ ನಡುವೆ ನಿಂತರು. ಇಬ್ಬರ ಕೈಯೂ ಖಾಲಿ.

"ಸೇತುವಿ ಮ್ಯಾಲ ಜಾಕೆಟ್ ಕೊಡವಿದೆ ಅಂದ್ರಲ್ರೀ," ಎಂದರು ಅನೀಸ್. ನದಿಯ ವಿಷಯ ಇಬ್ಬರ ಮನಸ್ಸಿನಲ್ಲೂ ಇತ್ತು. ಯಾರೂ ಬಾಯಿಬಿಟ್ಟು ಆಡಲಿಲ್ಲ.

ಅನೀಸ್ ಅವರನ್ನು ಅಡ್ಡರಸ್ತೆಯಲ್ಲಿ ನಿಲ್ಲಿಸಿದ್ದ ಕಾರಿನಲ್ಲಿ ಕ್ಯಾಂಪ್‌ಗ್ರೌಂಡಿಗೆ ಕರೆತಂದು, ಮರದ ಮೇಜಿನ ಎದುರು ಕೂತರು. ನೂರ್‌ಜಹಾನ್ ಕಟ್ಟಿಕೊಟ್ಟ ಬುತ್ತಿ ಮೇಜಿನ ಮೇಲಿತ್ತು, ಬಿಚ್ಚುವವರಿಲ್ಲ. "ಚಿಕ್ಕಂದಿನಾಗ ನಮ್ಮ ಓಣ್ಯಾಗ ಒಬ್ರು ಮುದುಕ್ರು ಹಿಂಗ ಕೂತಿದ್ರು. ನಮ್ಮಮ್ಮ ಆವತ್ತು ನಮ್ಮನ್ನೂ ಅವರ ಕಣ್ಣ ಮುಂದ ಉಣ್ಣಾಕ ಬಿಡಲಿಲ್ಲ," ಎಂದರು. ತಡೆಯಲಾರದೆ ಮತ್ತೆ ಅಂದರು, "ನಮ್ಮ ರೋಜಾದ ಉಪಾಸಕ್ಕ ಸಂಜಿ ಅಂತ ಒಂದ ಬರ್ತೈತ್ರಿ. ನಿಮ್ಮದಕ್ಕ ಸಂಜೀನ ಇಲ್ಲಲ್ರೀ."

ಮನೆಗೆ ಬರ್ರಿ ಎಂದು ಎಷ್ಟು ಕರೆದರೂ ಗುರುಲಿಂಗಪ್ಪ ಸೈಕಲ್ಲು ಬಿಟ್ಟು ಏಳಲಿಲ್ಲ. ಸೈಕಲ್ಲಿನ ಮೂತಿ ಪಶ್ಚಿಮಕ್ಕೆ ಇದೆ ಎಂಬುದೊಂದೇ ಅವರಿಗೆ ಉಳಿದಿತ್ತು. ಲಿಂಗ ಸಿಕ್ಕರೆ ಉಣ್ಣುವುದು, ಉಂಡರೆ ಮುಂದೆ ಹೋಗುವುದು. ಸಿಗದಿದ್ದರೆ ಎಂಬ ಮಾತಿನ ಹತ್ತಿರ ಅವರು ಹೋಗಲಿಲ್ಲ.

ಮೂರನೆಯ ದಿನ ನೀರೂ ಗಂಟಲಲ್ಲಿ ಕಹಿಯಾಯಿತು. ಟೆಂಟಿನ ಬಾಯಲ್ಲಿ ಕೂತಿದ್ದರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕ್ಯಾಂಪ್‌ಗ್ರೌಂಡಿನ ಬಾಗಿಲಲ್ಲಿ ಒಂದು ಕಾರು ತೀರ ನಿಧಾನವಾಗಿ ಒಳಗೆ ಬಂತು. ಅವರದೇ ಕಾರು. ಸ್ಮಿತಾ ಬಂದಳು ಎಂದುಕೊಂಡರು. ಇಳಿದವರು ಜಯದೇವಿ. ಒಬ್ಬರೇ.

ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಜಯದೇವಿ ಮತ್ತು ಫ್ರೀವೇ ವಿಷಯ ತಿಳಿದಿರಬೇಕು. ಆಕೆಗೆ ಸಿಗ್ನಲ್ಲೇ ಇಲ್ಲದ, ನಡುವೆ ನಿಲ್ಲುವಂತಿಲ್ಲದ ಫ್ರೀವೇ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹತ್ತಿದವರಲ್ಲ. ಎಲ್ಲಿಗೇ ಆಗಲಿ, ಸಿಗ್ನಲ್ಲುಗಳ ಒಳರಸ್ತೆಯಲ್ಲೇ ಹೋಗಿ, ತಡವಾಗಿ ಮುಟ್ಟಿ, ಬೈಸಿಕೊಳ್ಳುತ್ತಿದ್ದರು. ಆ ಹೆಂಗಸು ಪ್ಲಿಮತ್ತಿನಿಂದ ನಸುಕಿನಲ್ಲಿ ಹೊರಟು, ಮಿಷಿಗನ್ ಇಂಡಿಯಾನಾ ದಾಟಿ, ಷಿಕಾಗೊದ ಟ್ರಕ್ಕುಗಳ ನಡುವೆ ನುಸುಳಿ ಮುನ್ನೂರು ಮೈಲಿ ಬಂದಿತ್ತು. ಕಾರಿನಿಂದ ಇಳಿದಾಗ ಆಕೆಯ ಬೆರಳುಗಳು ಸ್ಟಿಯರಿಂಗ್ ಹಿಡಿದ ಹಾಗೆಯೇ ಮಡಚಿಕೊಂಡಿದ್ದವು, ನೆಟ್ಟಗಾಗಲಿಲ್ಲ.

"ಹೆಂಗ ಬಂದಿ?" ಎಂದರು ಗುರುಲಿಂಗಪ್ಪ.

"ಅಳಕೋತ ಬಂದೆ," ಎಂದರು ಜಯದೇವಿ. "ಏಳ್ರಿ, ಜಳಕ ಮಾಡಿ ಬರ್ರಿ."

ಅವರು ಬರುವಷ್ಟರಲ್ಲಿ ಜಯದೇವಿ ಮೇಜು ಒರೆಸಿ, ವಿಭೂತಿ, ನೀರು, ಹಿತ್ತಲಿನ ಎರಡು ಹೂವು ಇಟ್ಟಿದ್ದರು. ಬುತ್ತಿ ಬಿಚ್ಚಿಟ್ಟಿದ್ದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಆಮೇಲೆ ಸೆರಗಿಲ್ಲದ ಆ ಅಂಗಿಯ ಕೊರಳಿಗೆ ಕೈ ಹಾಕಿ, ತಮ್ಮ ಕರಡಿಗೆಯನ್ನು ತೆಗೆದು, ಲಿಂಗವನ್ನು ಗಂಡನ ಮುಂದೆ ಹಿಡಿದರು.

ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವ ಪದ್ಧತಿ ಇಲ್ಲ. ಅದು ಗುರು ಅವರವರ ಕೈಗೆ ಕೊಟ್ಟದ್ದು, ಅವರವರ ಜೊತೆಗೇ ಮಣ್ಣಿಗೆ ಹೋಗುವಂಥದ್ದು. ಇದು ಇಬ್ಬರಿಗೂ ಗೊತ್ತಿತ್ತು. ಗುರುಲಿಂಗಪ್ಪ ಹೆಂಡತಿಯ ಮುಖ ನೋಡಿದರು. ಜಯದೇವಿ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗುರುಲಿಂಗಪ್ಪನವರ ಎಡ ಅಂಗೈ ತಾನಾಗಿ ಚಾಚಿಕೊಂಡಿತು. ಹೂವು ಏರಿಸುವಾಗ ಜಯದೇವಿ ಕೆಳಗೆ ತಮ್ಮ ಕೈ ಕೊಟ್ಟರು. ಪೂಜೆಯಾಯಿತು. ರೊಟ್ಟಿ ಮುರಿದು ಬಾಯಿಗೆ ಇಟ್ಟರು. ಬಾಯಿ ತೆರೆಯಿತು.

ಆ ಮೊದಲ ತುತ್ತು ಗಂಟಲಿನಿಂದ ಇಳಿದಾಗ ಅವರಿಗೆ ಸಮಾಧಾನವಾಯಿತು ಎಂದರೆ ಕಡಿಮೆಯಾದೀತು. ನಾಚಿಕೆಗೆಟ್ಟು ಗಬಗಬ ತಿಂದರು. ಬಾಯಿ ತುಂಬ ರೊಟ್ಟಿ, ಕಣ್ಣು ತುಂಬ ನೀರು. ಒಂದು ರೊಟ್ಟಿ ಮುಗಿದು ಎರಡನೆಯದಕ್ಕೆ ಕೈ ಹಾಕಿದಾಗ, ಎದುರಿಗೆ ಕೂತ ಹೆಂಡತಿ ಸುಮ್ಮನೆ ನೋಡುತ್ತಿರುವುದು ಕಂಡಿತು.

"ನೀನೂ ಉಣ್ಣು. ಉಂಡೀಯಿಲ್ಲೋ?"

"ಹೆಂಗ ಉಣ್ಣಲಿ?" ಎಂದರು ಜಯದೇವಿ. "ಲಿಂಗ ನಿಮ್ಮ ಕೈಯಾಗೈತಲ್ಲ."

ಗುರುಲಿಂಗಪ್ಪನವರ ಕೈ ಅಲ್ಲೇ ನಿಂತಿತು.

"ನೀವು ಅದನ್ನ ಕಟ್ಟಿಕೊಂಡು ಮುಂದ ಹೋಗ್ರಿ," ಎಂದರು ಜಯದೇವಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದವರಂತೆ. "ಹೊಳ್ಳಿ ಬರಬ್ಯಾಡ್ರಿ. ಆಗಸ್ಟಿನಾಗ ಸ್ವಾಮಿಗಳು ಬರ್ತಾರಂತ, ನಾ ಆಗ ಬ್ಯಾರೆ ತೊಗೋತೀನಿ. ಅಲ್ಲಿತನಕ ಹಾಲು ಹಣ್ಣು ನಡೀತೈತಂತ ಅನುಸೂಯಮ್ಮನವರು ಹೇಳ್ಯಾರ. ನೀವು ಅರ್ಧಕ್ಕ ಬಂದ್ರ ಆ ಬೇವಿನ ಗಿಡದ ಕತಿ ನಾ ಸಾಯೂತನಕ ಕೇಳಬೇಕು. ಅದಕ್ಕಿಂತ ಇದ ಹಗುರ."

ಹೇಳುವಾಗ ಆಕೆ ನಗಲು ನೋಡಿದರು. ತುಟಿ ಒಣಗಿ ಬಿಳಿಚಿಕೊಂಡಿತ್ತು. ಗುರುಲಿಂಗಪ್ಪ ಬುತ್ತಿಯ ಕಡೆ ನೋಡಿದರು. ಎಣಿಸಿ ಕಟ್ಟಿದ ರೊಟ್ಟಿಗಳಲ್ಲಿ ತಾವು ತಿಂದದ್ದು ಬಿಟ್ಟರೆ ಎಲ್ಲ ಹಾಗೇ ಇದ್ದವು. ಈ ಹೆಂಗಸಿನ ಲಿಂಗ ಕೊರಳಲ್ಲೇ ಇದ್ದರೂ ಆಕೆಯ ಬಾಯಿ ಕೂಡ ಆ ಸಂಜೆಯ ಫೋನಿನಿಂದ ತೆರೆದಿರಲಿಲ್ಲ ಎಂಬುದು ಆಗ ಅವರಿಗೆ ಹೊಳೆಯಿತು. ಆಚೆ ನೋಡಿದರೆ ಸೈಕಲ್ಲು ನಿಂತಿತ್ತು, ಅದರ ಮುಂದೆ ಜೋಳದ ಹೊಲದ ನಡುವೆ ರಸ್ತೆ ಸಣ್ಣ ದಿಬ್ಬ ಏರಿ ಕಾಣೆಯಾಗುತ್ತಿತ್ತು. ಹೋಗಬಹುದಿತ್ತು. ಯಾರೂ ಅಡ್ಡ ಬಂದಿರಲಿಲ್ಲ, ಶೇಷಗಿರಿಯೂ ಇರಲಿಲ್ಲ.

ಅವರು ಕೈ ತೊಳೆದುಕೊಂಡರು. ಲಿಂಗವನ್ನು ಒರೆಸಿ ಕರಡಿಗೆಯಲ್ಲಿಟ್ಟು, ಜಯದೇವಿಯ ಹಿಂದೆ ಹೋಗಿ ನಿಂತು ಕೊರಳಿಗೆ ಕಟ್ಟಿದರು. ಗಂಟು ಹಾಕಿದರು, ಎಳೆದು ನೋಡಿದರು. ಬಿಚ್ಚಿ ಮತ್ತೊಮ್ಮೆ ಬಿಗಿಯಾಗಿ ಹಾಕಿದರು.

"ಉಣ್ಣು ನೀ," ಎಂದು, ಟೆಂಟಿನ ಗೂಟ ಕೀಳಲು ಹೋದರು.

ಅವರು ಗೂಟ ಕಿತ್ತು ಬಟ್ಟೆ ಮಡಚುವ ತನಕ ಜಯದೇವಿ ಆ ಕಡೆ ಮುಖ ಮಾಡಿ ಉಂಡರು. ಸೈಕಲ್ಲನ್ನು ಕಾರಿನ ಹಿಂದಕ್ಕೆ ಎತ್ತಲು ಗುರುಲಿಂಗಪ್ಪನವರೊಬ್ಬರಿಂದ ಆಗಲಿಲ್ಲ, ತೋಳಿನಲ್ಲಿ ಏನೂ ಉಳಿದಿರಲಿಲ್ಲ. ಕ್ಯಾಂಪ್‌ಗ್ರೌಂಡಿನ ಯಜಮಾನಿ ಬಂದು ಕೈ ಹಾಕಿದಳು. ಎತ್ತಿ ಕಟ್ಟುವಾಗ ಅದರ ಮೂತಿ ಯಾವ ದಿಕ್ಕಿಗೆ ಬಂತೆಂದು ಗುರುಲಿಂಗಪ್ಪ ನೋಡಲು ಹೋಗಲಿಲ್ಲ.

ಬಳಲಿದವರ ಕೈಗೆ ಕಾರು ಕೊಡಲು ಜಯದೇವಿ ಒಪ್ಪಲಿಲ್ಲ. ತಾವೇ ಓಡಿಸಿದರು. ಗುರುಲಿಂಗಪ್ಪ ಪಕ್ಕದಲ್ಲಿ ಕೂತು ಎಕ್ಸಿಟ್ಟಿನ ಫಲಕಗಳನ್ನು ಓದಿ ಹೇಳುತ್ತ ಬಂದರು. ಕಾರು ಫಾಕ್ಸ್ ನದಿಯನ್ನು ದಾಟಿತು. ಕೆಳಗೆ ಕಂದು ನೀರು ಹರಿಯುತ್ತಿತ್ತು. ಲಿಂಗ ಸಿಗಲಿಲ್ಲ, ಮುಂದೆಯೂ ಸಿಗಲಿಲ್ಲ. ಆ ಬೇಸಿಗೆಯೆಲ್ಲ ಅನೀಸ್ ಆ ಕಡೆ ಹೋದಾಗಲೆಲ್ಲ ಸೇತುವೆಯ ಹತ್ತಿರ ಕಾರು ನಿಲ್ಲಿಸಿ ಹುಲ್ಲಿನಲ್ಲಿ ಒಂದು ಸುತ್ತು ನೋಡಿ ಬರುತ್ತಿದ್ದರಂತೆ.

ಸಂಜೆ ಹೊತ್ತಿಗೆ ಮಿಷಿಗನ್ನಿನ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದರು. ಮತ್ತೆ ಹಸಿವಾಗಿತ್ತು, ಹೊಟ್ಟೆಗೆ ನಾಚಿಕೆಯಿಲ್ಲ. ಗುರುಲಿಂಗಪ್ಪ ಹೇಳಲಾರದೆ ಕಿಟಕಿಯ ಆಚೆ ನೋಡುತ್ತ ಕೂತರು. ಪೆಸಿಫಿಕ್ ಸಮುದ್ರ ಈಗ ಬೆನ್ನ ಹಿಂದೆ ಎಲ್ಲೋ ಇತ್ತು, ಆಗಸ್ಟ್ ತಿಂಗಳು ಮುಂದೆ ಎಲ್ಲೋ ಇತ್ತು, ನಡುವೆ ಐವತ್ತೆಂಟು ವಯಸ್ಸಿನ ಒಬ್ಬ ಗಂಡಸು ಒಂದು ರೊಟ್ಟಿ ತಿನ್ನಲು ಹೆಂಡತಿಯ ಕೊರಳು ನೋಡಬೇಕಾಗಿತ್ತು. ಅವರಿಗೆ ತಡೆಯಲಾರದ ಅಳು ಬಂತು.

ಜಯದೇವಿ ಕೊರಳಿನ ಗಂಟಿಗೆ ಕೈ ಹಾಕಿದರು. ಬಹಳ ಬಿಗಿಯಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಲಿಂಗವನ್ನು ಗಂಡನ ಅಂಗೈಯಲ್ಲಿಟ್ಟು ಅಂದರು, "ಲಗೂನ ಉಣ್ರಿ. ಉಂಡು ನನಗ ಕೊಡ್ರಿ, ನನಗೂ ಹಸಿವಾಗೈತಿ."